ನಮ್ಮೂರಲ್ಲಿ ಜನರೇ ಇಲ್ಲ, ಪ್ರಪಂಚದಲ್ಲಿ ಜನ ಹೆಚ್ಚುತ್ತಿರೋದು ಹೇಗೆ?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ನಾನು ಓದುವಾಗ ಶಾಲೆಯಲ್ಲಿ ಕೂರೋಕೆ ಜಾಗ ಇರ್ತಿರಲಿಲ್ಲ. ಈಗ ಒಂದರಿಂದ ಐದನೇ ಕ್ಲಾಸಿನ ಮಕ್ಕಳನ್ನೆಲ್ಲ ಸೇರಿಸಿದರೂ ಒಂದು ಕೊಠಡಿ ತುಂಬಲ್ಲ. ಎಷ್ಟೋ ಮನೆಗಳಿಗೆ ಬೀಗ. ಟಿವಿ ಹಾಕಿದರೆ ಜನಸಂಖ್ಯಾ ಸ್ಫೋಟ ಅಂತಾರೆ. ಅಷ್ಟೊಂದು ಜನ ಎಲ್ಲಿದ್ದಾರೆ ಸರ್?

ಉತ್ತರ: ಶಿರಾ, ಪಾವಗಡ, ಗುಬ್ಬಿ ಕಡೆಯವರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಿರುತ್ತಾರೆ. ನೀವು ಕಣ್ಣಾರೆ ಕಂಡದ್ದು ನಿಜ. ಪ್ರಪಂಚದಲ್ಲಿ ಜನ ಹೆಚ್ಚುತ್ತಿರುವುದೂ ನಿಜ. ಎಷ್ಟು ಜನರಿದ್ದಾರೆ ಎಂಬುದು ಒಂದು ಲೆಕ್ಕ, ಎಲ್ಲಿದ್ದಾರೆ ಎಂಬುದು ಇನ್ನೊಂದು. ಟಿವಿಯವರು ಎರಡನ್ನೂ ಕಲಸಿಬಿಡುತ್ತಾರೆ.

ಮೊದಲು ನಮ್ಮ ಜಿಲ್ಲೆಯನ್ನೇ ನೋಡೋಣ. 2001ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯಲ್ಲಿದ್ದವರು ಸುಮಾರು 25.85 ಲಕ್ಷ, 2011ರಲ್ಲಿ 26.79 ಲಕ್ಷ. ಹತ್ತು ವರ್ಷಕ್ಕೆ ಏರಿದ್ದು ಶೇ 3.65 ಮಾತ್ರ. ಆ ಅವಧಿಯಲ್ಲಿ ಇಡೀ ರಾಜ್ಯದ ಏರಿಕೆ ಶೇ 15.6. ಹತ್ತಿರದ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ, ಅಂದರೆ ಶೇ 47ರಷ್ಟು ಬೆಳೆಯಿತು. ತುಮಕೂರಿನಲ್ಲಿ ಹೆರಿಗೆಗಳೇನೂ ನಿಂತಿರಲಿಲ್ಲ, ಸಾವೇನೂ ಹೆಚ್ಚಿರಲಿಲ್ಲ. ಹುಟ್ಟಿದವರು ದೊಡ್ಡವರಾಗಿ ಹೊಟ್ಟೆಪಾಡಿಗೆ ಹೊರಟುಹೋದರು.

ಗಣತಿದಾರರು ಜನರನ್ನು ಬರೆದುಕೊಳ್ಳುವುದು ಅವರು ವಾಸವಿರುವ ಮನೆಯಲ್ಲಿ. ರೇಷನ್ ಕಾರ್ಡು ಮಧುಗಿರಿಯದು, ಓಟು ಮಧುಗಿರಿಯಲ್ಲಿ, ಪಹಣಿಯಲ್ಲಿ ಹೆಸರೂ ಅಲ್ಲೇ. ಆದರೆ ಕೆಲಸ ಪೀಣ್ಯದ ಫ್ಯಾಕ್ಟರಿಯಲ್ಲಿ, ಬಾಡಿಗೆ ಮನೆ ಲಗ್ಗೆರೆಯಲ್ಲಿ ಎಂದಾದರೆ ಆ ಸಂಸಾರದ ನಾಲ್ಕೂ ತಲೆ ಬೆಂಗಳೂರಿನ ಲೆಕ್ಕಕ್ಕೆ. ದಂಡಿನ ಮಾರಮ್ಮನ ಜಾತ್ರೆಗೆ ಊರಿಗೆ ಊರೇ ತುಂಬಿದರೂ ಗಣತಿಯ ಪುಸ್ತಕಕ್ಕೆ ಅದು ಸಿಗುವುದಿಲ್ಲ.

ಇನ್ನು ಪ್ರಪಂಚದ ಮಾತು. 1804ರ ಸುಮಾರಿಗೆ ಭೂಮಿಯ ಮೇಲೆ 100 ಕೋಟಿ ಜನರಿದ್ದರು. 200 ಕೋಟಿ ಮುಟ್ಟಲು 1927ರವರೆಗೆ ಕಾಯಬೇಕಾಯಿತು. ಆಮೇಲೆ ಓಟ: 1960ಕ್ಕೆ 300, 1987ಕ್ಕೆ 500, 1999ಕ್ಕೆ 600, 2011ಕ್ಕೆ 700, 2022ರ ನವೆಂಬರ್‌ನಲ್ಲಿ 800 ಕೋಟಿ. ಇದನ್ನು ಕೇಳಿದವರಿಗೆ ಈಗಿನ ಜನ ಹಿಂದಿನವರಿಗಿಂತ ಹೆಚ್ಚು ಮಕ್ಕಳನ್ನು ಹೆರುತ್ತಿದ್ದಾರೇನೋ ಅನ್ನಿಸುತ್ತದೆ. ಆಗಿರುವುದು ಪೂರ್ತಿ ತಿರುಗುಮುರುಗು. ಹಿಂದೆಯೂ ಒಬ್ಬೊಬ್ಬ ತಾಯಿಗೆ ಆರು, ಎಂಟು ಹೆರಿಗೆ ಆಗುತ್ತಿದ್ದವು, ಬದುಕುತ್ತಿದ್ದವರು ಕಡಿಮೆ. ಸಿಡುಬು, ಕಾಲರಾ, ಪ್ಲೇಗು ಬಂದರೆ ಮನೆಗೆ ಮನೆಯೇ ಹೋಗುತ್ತಿತ್ತು. ಬರ ಬಂದರಂತೂ ಕೇಳುವುದೇ ಬೇಡ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರವನ್ನೇ ನೋಡಿ. ಮೈಸೂರು ಸೀಮೆಯಲ್ಲಿ 1871ರಲ್ಲಿ 50.5 ಲಕ್ಷ ಇದ್ದ ಜನ 1881ರ ಗಣತಿಗೆ 41.9 ಲಕ್ಷಕ್ಕೆ ಇಳಿದಿದ್ದರು. ನಮ್ಮ ಮುತ್ತಜ್ಜಂದಿರ ಕಾಲದ ಈ ಮಾತು ನೆನಪಿದ್ದರೆ, ಜನ ಹೆಚ್ಚಿದರು ಎಂದು ಬರೀ ಹೆದರುತ್ತಾ ಕೂರುವುದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ. ಜನ ಹೆಚ್ಚಿದ್ದರ ಮುಖ್ಯ ಕಾರಣ ಮಕ್ಕಳು ಸಾಯುವುದು ತಪ್ಪಿದ್ದು. 1990ರಲ್ಲೂ ಪ್ರಪಂಚದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 93 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಈಗ ಅದು 37ರ ಆಸುಪಾಸಿಗೆ ಇಳಿದಿದೆ.

ಮಕ್ಕಳು ಉಳಿಯುತ್ತಾರೆ ಎಂಬ ಧೈರ್ಯ ಬಂದ ಮೇಲೆ ಹೆರಿಗೆಗಳೂ ಕಡಿಮೆಯಾದವು. ಹೆಣ್ಣುಮಕ್ಕಳ ಓದು, ತಡವಾಗಿ ಮದುವೆ, ಊರಿಗೇ ಬರುವ ಆರೋಗ್ಯ ಸಹಾಯಕಿಯರು ಎಲ್ಲವೂ ಇದರಲ್ಲಿ ಸೇರಿವೆ. 1960ರ ದಶಕದಲ್ಲಿ ಪ್ರಪಂಚದ ಸರಾಸರಿ ಒಬ್ಬ ತಾಯಿಗೆ ಐದು ಮಕ್ಕಳು; ಈಗ ಎರಡೂಕಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 2.0, ಕರ್ನಾಟಕದಲ್ಲಿ 1.7. ತಂದೆ-ತಾಯಿಯ ಜಾಗ ತುಂಬಲು 2.1 ಬೇಕು. ಅಂದರೆ ನಮ್ಮ ರಾಜ್ಯ ಆ ಗೆರೆಯಿಂದ ಕೆಳಗಿದೆ. ನಿಮ್ಮ ಶಾಲೆಯ ಖಾಲಿ ಬೆಂಚಿಗೆ ವಲಸೆಯ ಜೊತೆಗೆ ಇದೂ ಕಾರಣ.

ಹಾಗಾದರೆ ಇನ್ನೂ ಏರುತ್ತಿರುವುದೇಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕಬೇಕು. ಒಂದು ಊರಿನಲ್ಲಿ 100 ಜನ ಅಜ್ಜ-ಅಜ್ಜಿಯರು ಇದ್ದಾರೆ ಅಂದುಕೊಳ್ಳಿ. ಅವರ ಕಾಲದಲ್ಲಿ ಒಂದೊಂದು ಜೋಡಿಗೆ ನಾಲ್ಕು ಮಕ್ಕಳು ಉಳಿದವು, ಒಟ್ಟು 200. ಆ 200 ಜನ ತಮ್ಮತಮ್ಮಲ್ಲೇ ಮದುವೆಯಾಗಿ ಜೋಡಿಗೆ ಎರಡೇ ಮಕ್ಕಳು ಸಾಕು ಎಂದರು. ಮೊಮ್ಮಕ್ಕಳೂ 200. ಊರಿನ ಜನ 500. ಮುಂದಿನ ತಲೆಮಾರಿಗೆ ಅಜ್ಜ-ಅಜ್ಜಿಯರು ತೀರಿಕೊಂಡಿರುತ್ತಾರೆ, ಮೊಮ್ಮಕ್ಕಳಿಗೂ ಎರಡೆರಡೇ ಮಕ್ಕಳು. ಆದರೂ ಊರಿನಲ್ಲಿ 200, 200, 200, ಒಟ್ಟು 600 ಜನ! ಎರಡಕ್ಕಿಂತ ಹೆಚ್ಚು ಹೆತ್ತವರು ಯಾರೂ ಇಲ್ಲ, ಆದರೂ ನೂರು ಜನ ಹೆಚ್ಚಿದರು. ಹಿಂದೆ ಹುಟ್ಟಿದವರು ಈಗ ಮುದುಕರಾಗುವವರೆಗೆ ಬದುಕುತ್ತಿದ್ದಾರೆ, ಅಷ್ಟೇ. ಭಾರತ 2023ರಲ್ಲಿ ಚೀನಾವನ್ನು ಹಿಂದೆ ಹಾಕಿತಲ್ಲ, ಅದರ ಹಿಂದೆ ಇರುವುದೂ ಬಹುಪಾಲು ಇದೇ ಲೆಕ್ಕ. ಯುಎನ್ 2024ರಲ್ಲಿ ಹಾಕಿದ ಅಂದಾಜಿನಂತೆ ಪ್ರಪಂಚದ ಜನಸಂಖ್ಯೆ 2080ರ ದಶಕದ ನಡುವೆ ಸುಮಾರು 1,030 ಕೋಟಿ ಮುಟ್ಟಿ, ಆಮೇಲೆ ಇಳಿಯಲು ಶುರುವಾಗುತ್ತದೆ. ಜಪಾನ್, ಚೀನಾಗಳಲ್ಲಿ ಈಗಾಗಲೇ ಇಳಿಯುತ್ತಿದೆ. ನೈಜೀರಿಯಾ, ಕಾಂಗೋ, ಇಥಿಯೋಪಿಯಾಗಳಲ್ಲಿ ಇನ್ನೂ ವೇಗವಾಗಿ ಏರುತ್ತಿದೆ.

ಈಗ "ಎಲ್ಲಿದ್ದಾರೆ" ಎಂಬುದಕ್ಕೆ ಬರೋಣ. ಭೂಮಿಯ ಮೇಲೆ ಜನ ಸಮನಾಗಿ ಹರಡಿಕೊಂಡಿಲ್ಲ. ಭಾರತ, ಚೀನಾ ಎರಡರಲ್ಲೇ ಪ್ರಪಂಚದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ. ಈಜಿಪ್ಟಿನಲ್ಲಿ ಬಹುತೇಕ ಎಲ್ಲರೂ ನೈಲ್ ನದಿಯ ಇಕ್ಕೆಲದ ಕಿರಿದಾದ ಪಟ್ಟಿಯಲ್ಲಿ, ಉಳಿದದ್ದು ಮರಳುಗಾಡು. ಭಾರತದ ಎರಡು ಪಟ್ಟಿಗಿಂತ ದೊಡ್ಡದಾದ ಆಸ್ಟ್ರೇಲಿಯಾದಲ್ಲಿ ಇರುವವರು ಮೂರು ಕೋಟಿಗಿಂತ ಕಡಿಮೆ. ಹಳೆಯ ನಿಯಮ ನೀರಿನದು: ನದಿ, ಮಳೆ, ಭತ್ತ ಇದ್ದಲ್ಲಿ ಜನ. ದೊಡ್ಡ ನದಿಯಿಲ್ಲದ ನಮ್ಮ ಬಯಲುಸೀಮೆಯಲ್ಲೂ ಏರಿ ಕಟ್ಟಿ, ಕೆರೆ ತುಂಬಿಸಿ, ಅದರ ಅಚ್ಚುಕಟ್ಟು ನೋಡಿಕೊಂಡು ಊರು ಕಟ್ಟಿದರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಊರುಗಳ ಹೆಸರಿನಲ್ಲೇ ಕೆರೆ ಇದೆ.

ಈ ನಿಯಮ ಈಗ ಮುರಿದಿದೆ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ಕೆಲಸ ಅಲ್ಲಿದೆ, ಜನ ಅಲ್ಲಿಗೇ ಹೋದರು. ನೀರು ಜನರ ಹಿಂದೆ ಹೋಗಬೇಕಾಯಿತು. ಪ್ರಪಂಚದಲ್ಲೂ ಹೀಗೆಯೇ: 2007ರ ಹೊತ್ತಿಗೆ ಪಟ್ಟಣದವರ ಸಂಖ್ಯೆ ಹಳ್ಳಿಯವರನ್ನು ಮೀರಿತು.

ನಿಮ್ಮ ಊರಿನ ಶಾಲೆ ಮೊದಲಿನಂತೆ ತುಂಬೀತೇ? ಬೆಂಗಳೂರಿಗೆ ಹೋದವರೆಲ್ಲ ವಾಪಸು ಬಂದರೂ 1.7ರ ಲೆಕ್ಕದಲ್ಲಿ ಅದು ಕಷ್ಟ. ಜಗುಲಿಯ ಮೇಲೆ ಕೂತಿರುವ ವಯಸ್ಸಾದವರು ಮಾತ್ರ ವರ್ಷವರ್ಷವೂ ಹೆಚ್ಚುತ್ತಾರೆ. ನಮ್ಮ ಪಂಚಾಯಿತಿಗಳು ಈಗಲೇ ಕೇಳಬೇಕಾದ್ದು ಬಿಪಿ, ಶುಗರ್ ಮಾತ್ರೆಗೆ ತಾಲ್ಲೂಕು ಆಸ್ಪತ್ರೆಯವರೆಗೆ ಹೋಗದಂತೆ ವಾರಕ್ಕೊಮ್ಮೆ ಊರಿಗೇ ಬರುವ ನರ್ಸನ್ನು, ಬೆರಳಚ್ಚು ಹೊಂದದೆ ನಿಂತುಹೋದ ವೃದ್ಧಾಪ್ಯ ವೇತನವನ್ನು ಸರಿಮಾಡಿಸಿಕೊಡುವವರನ್ನು, ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸನ್ನು.