ಕಾದು, ಕಾದಿ, ಕಾಯ್ದು: ಕಾವಲಿನ ಪದಗಳ ಬಗ್ಗೆ ನನ್ನ ಟಿಪ್ಪಣಿ

ಹಳಗನ್ನಡದ ಪರೀಕ್ಷೆಗೆ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಮೊದಲು ನನಗಾಗಿ. ಕಾಯುವವರು, ಕಾಪಾಡುವವರು, ಸಾಕುವವರು, ಇವರ ಹೆಸರುಗಳನ್ನು ಒಂದು ಪುಟದಲ್ಲಿ ಪಟ್ಟಿ ಮಾಡಿ ಮುಗಿಸೋಣವೆಂದು ಕುಳಿತವನು ಒಂದೇ ಧಾತುವಿನ ಬಳಿ ಒಂದು ವಾರ ಸಿಕ್ಕಿಕೊಂಡೆ.

ಎಡವಿದ್ದು ವೀರಗಲ್ಲಿನ ಮುಂದೆ. ವೀರಗಲ್ಲಿನ ಶಾಸನಗಳಲ್ಲಿ ‘ಕಾದಿ ಸತ್ತಂ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಾನು ಅದನ್ನು ‘ಕಾವಲು ಕಾಯುತ್ತ ಸತ್ತ’ ಎಂದು ಓದಿಕೊಂಡಿದ್ದೆ. ತಪ್ಪು ಎಂದು ತಿಳಿಯಲು ಬಹಳ ದಿನ ಹಿಡಿಯಿತು, ಏಕೆಂದರೆ ಆ ಅರ್ಥವೂ ಸಂದರ್ಭಕ್ಕೆ ಹೊಂದುತ್ತದೆ. ಶತ್ರುಗಳು ಊರಿನ ತುರುಗಳನ್ನು, ಎಂದರೆ ದನಗಳನ್ನು, ಹೊಡೆದುಕೊಂಡು ಹೋಗುತ್ತಾರೆ. ಒಬ್ಬ ಬೆನ್ನಟ್ಟಿ ಹೋಗಿ ಅವುಗಳನ್ನು ಮರಳಿಸಿ ತಾನು ಸಾಯುತ್ತಾನೆ. ಅವನು ಕಾವಲಿನವನೇ ಅಲ್ಲವೇ? ಆದರೆ ಕಲ್ಲು ಹೇಳುವುದು ಅದನ್ನಲ್ಲ. ‘ಕಾದಿ’ ಎಂದರೆ ಹೋರಾಡಿ.

ಇಲ್ಲಿ ಎರಡು ಬೇರೆ ಬೇರೆ ಧಾತುಗಳಿವೆ. ಒಂದು ‘ಕಾಯ್’, ರಕ್ಷಿಸು. ಇನ್ನೊಂದು ‘ಕಾದು’, ಹೋರಾಡು. ಕಾಳಗ, ಕಾದಾಟ ಬಂದದ್ದು ಇದರಿಂದ. ತೊಂದರೆ ಎಲ್ಲಿದೆ ಎಂದರೆ, ‘ಕಾಯ್’ ಧಾತುವಿಗೆ ಭೂತಕಾಲದ ‘ದು’ ಸೇರಿದಾಗ ‘ಕಾಯ್ದು’ ಆಗುತ್ತದೆ, ‘ಯ್’ ಸವೆದು ‘ಕಾದು’ ಆಗುತ್ತದೆ. ಅಂದರೆ ರಕ್ಷಿಸುವ ಕ್ರಿಯಾಪದದ ಒಂದು ರೂಪವೂ ಹೋರಾಡುವ ಕ್ರಿಯಾಪದದ ಧಾತುವೂ ಕಣ್ಣಿಗೆ ಒಂದೇ! ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಒಂದು ವಾರ ಉಳಿಯುತ್ತಿತ್ತು.

ನನ್ನ ಅಡ್ಡದಾರಿ ಇದು. ಜೊತೆಗಾರ ಪದಗಳನ್ನು ಪಕ್ಕದಲ್ಲಿಟ್ಟು ಜೋರಾಗಿ ಹೇಳಿಕೊಳ್ಳಿ.

ಓದು – ಓದಿ, ಸೇದು – ಸೇದಿ, ಕಾದು – ಕಾದಿ (ಹೋರಾಡಿ).
ಮೇಯ್ – ಮೇಯ್ದು, ನೇಯ್ – ನೇಯ್ದು, ಕಾಯ್ – ಕಾಯ್ದು ಅಥವಾ ಕಾದು (ರಕ್ಷಿಸಿ).

ಕೊನೆಯಲ್ಲಿ ‘ಇ’ ಇದ್ದರೆ ಕತ್ತಿ, ‘ಉ’ ಇದ್ದರೆ ಕಾವಲು. ಹಾಗೆಯೇ ‘ಕಾದ’ ಎಂದರೆ ರಕ್ಷಿಸಿದ, ‘ಕಾದಿದ’ ಎಂದರೆ ಹೋರಾಡಿದ. ದಾನಶಾಸನಗಳ ಕೊನೆಗೆ ಈ ಧರ್ಮವನ್ನು ಕಾದವನಿಗೆ ಅಶ್ವಮೇಧದ ಫಲ, ಅಳಿದವನಿಗೆ ಪಂಚಮಹಾಪಾತಕ ಎಂಬ ಧಾಟಿಯ ಮಾತು ಬರುತ್ತದಲ್ಲ, ಅಲ್ಲಿರುವುದು ಮೊದಲನೆಯದು, ‘ಕಾಯ್’. ಅಲ್ಲಿ ಯಾರೂ ಕತ್ತಿ ಹಿರಿಯುತ್ತಿಲ್ಲ.

ಹೊಸಗನ್ನಡಕ್ಕೆ ಬಂದರೆ ಹೋರಾಡುವ ‘ಕಾದು’ ಒಂಟಿಯಾಗಿ ಬರುವುದು ಕಡಿಮೆ, ‘ಕಾದಾಡು’ ಎಂದೇ ಹೆಚ್ಚು. ಆದರೆ ಆ ಜಾಗಕ್ಕೆ ಬೇರೆ ಇಬ್ಬರು ಬಂದು ಕುಳಿತಿದ್ದಾರೆ: ಬಸ್ಸಿಗೆ ಕಾದ, ಕಾದ ಎಣ್ಣೆ. ವಿಭಕ್ತಿ ನೋಡಿ ಬಿಡಿಸಬಹುದು. ‘ಹೊಲವನ್ನು’ ಕಾದರೆ ರಕ್ಷಣೆ, ‘ಬಸ್ಸಿಗೆ’ ಕಾದರೆ ನಿರೀಕ್ಷೆ, ಕರ್ಮಪದವೇ ಇಲ್ಲದೆ ಕಾದರೆ ಬಿಸಿ. ಈ ಸೂತ್ರ ಸೋರುತ್ತದೆ, ಏಕೆಂದರೆ ‘ಅವನನ್ನೇ ಕಾಯುತ್ತ ಕುಳಿತೆ’ ಎಂದು ನಿರೀಕ್ಷೆಗೂ ದ್ವಿತೀಯೆಯನ್ನು ಬಳಸುತ್ತೇವೆ. ಕಾಯುವವನೂ ಕಣ್ಣು ನೆಟ್ಟು ಕೂರುತ್ತಾನೆ, ನಿರೀಕ್ಷಿಸುವವನೂ ಹಾಗೆಯೇ ಕೂರುತ್ತಾನೆ. ಎರಡು ಅರ್ಥಗಳು ಹತ್ತಿರ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ‘ಕಾಯಿಸು’ ಇನ್ನೂ ತಮಾಷೆ: ಹಾಲನ್ನೂ ಕಾಯಿಸುತ್ತಾರೆ, ಕಚೇರಿಗೆ ಹೋದವರನ್ನೂ ಕಾಯಿಸುತ್ತಾರೆ. ಎರಡನೆಯದರಲ್ಲೂ ಬಿಸಿ ಏರುತ್ತದೆ ಎನ್ನುವುದು ಬೇರೆ ಮಾತು.

ಬರಹದ ಕನ್ನಡ ತಾನೇ ಒಂದು ದಾರಿ ಹುಡುಕಿಕೊಂಡಂತಿದೆ. ರಕ್ಷಣೆಯ ಅರ್ಥವಿದ್ದಲ್ಲಿ ‘ಯ್’ ಉಳಿಯುತ್ತದೆ: ಆಸನ ಕಾಯ್ದಿರಿಸು, ಅಂತರ ಕಾಯ್ದುಕೊಳ್ಳಿ. ‘ಅಂತರ ಕಾದುಕೊಳ್ಳಿ’ ಎಂಬ ಫಲಕವನ್ನು ನಾನು ಎಲ್ಲಿಯೂ ನೋಡಿಲ್ಲ.

ಧಾತು ಗಟ್ಟಿಯಾದ ಮೇಲೆ ನಾಮಪದಗಳು ಸುಲಭ. ಕಾಪು, ಅದರ ‘ಪ’ಕಾರ ‘ಹ’ಕಾರವಾಗಿ ಕಾಹು, ಕಾಪು ಮತ್ತು ಆಡು ಸೇರಿ ಕಾಪಾಡು. ಕಾವಲು, ಕಾವಲುಗಾರ. ಸಮಾಸದಲ್ಲಿ ‘ಕ’ಕಾರಕ್ಕೆ ‘ಗ’ಕಾರ ಆದೇಶವಾಗಿ ದನಗಾಹಿ, ಕುರಿಗಾಹಿ, ಮೈಗಾವಲು, ಬೆಂಗಾವಲು. ಕೊನೆಯದು ಬೆನ್ನಿನ ಕಾವಲು. ಬೆಂಗಳೂರು ಎಂಬ ಹೆಸರೇ ‘ಬೆಂಗಾವಲೂರು’ ಎಂಬುದರಿಂದ ಬಂತು ಎನ್ನುವವರಿದ್ದಾರೆ. ನನಗೆ ಅದಕ್ಕಿಂತ ಹಿಡಿಸಿದ್ದು, ಆ ಊರಿನ ಹೆಸರು ಸುಮಾರು 890ರ ಬೇಗೂರು ವೀರಗಲ್ಲಿನಲ್ಲಿ ‘ಬೆಂಗುಳೂರ ಕಾಳೆಗ’ ಎಂದು ಬರುವುದು. ಅಲ್ಲಿಯೂ ಕಾದುವ ಧಾತು ನನ್ನನ್ನು ಬಿಡಲಿಲ್ಲ.

‘ಕಾವಲು’ ಎಂದರೆ ಜಾಗವೂ ಹೌದು. ದನಗಳಿಗಾಗಿ ಮೀಸಲಿಟ್ಟು ಕಾಯ್ದ ಹುಲ್ಲುಗಾವಲು ಎಂಬ ಅರ್ಥದಲ್ಲಿ ಅಮೃತಮಹಲ್ ಕಾವಲುಗಳು ಪ್ರಸಿದ್ಧ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಯಾಗಿದ್ದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಬೆಂಗಳೂರಿನ ಜಾರಕಬಂಡೆ ಕಾವಲಿನ ಹೆಸರು ಓದಿ ಅಲ್ಲಿ ಕಾವಲುಗಾರನನ್ನು ಹುಡುಕಬೇಡಿ.

ಸಂಸ್ಕೃತದಿಂದ ಬಂದವು: ಪಾಲಕ, ಪೋಷಕ, ರಕ್ಷಕ. ಪಾಲಿಸುವುದು ಕಾಪಾಡುವುದು, ಪೋಷಿಸುವುದು ಉಣಿಸಿ ಬೆಳೆಸುವುದು. ಶಾಲೆಯ ಅರ್ಜಿಯಲ್ಲಿ ಎರಡೂ ಒಂದೇ ಗೆರೆಯ ಮೇಲೆ ಬರುತ್ತವೆ, ಆದರೆ ಅದಲುಬದಲು ಮಾಡಲು ಎಲ್ಲ ಕಡೆಯೂ ಆಗುವುದಿಲ್ಲ. ಗ್ರಂಥಪಾಲಕ, ನಿಲಯಪಾಲಕ, ದ್ವಾರಪಾಲಕ, ರಾಜ್ಯಪಾಲ ಇವರೆಲ್ಲ ‘ಪಾಲ’ದ ಕಡೆಯವರು; ಪೋಷಕ ನಟ, ಪೋಷಕಾಂಶ ‘ಪೋಷ’ದ ಕಡೆಯವು. ಅರಣ್ಯ ಇಲಾಖೆಯಲ್ಲಿ ಗಸ್ತು ಅರಣ್ಯ ಪಾಲಕ ಒಂದು ಹುದ್ದೆ, ಅರಣ್ಯ ವೀಕ್ಷಕ ಇನ್ನೊಂದು. ಪೊಲೀಸರಿಗೆ ತಮಿಳರು ‘ಕಾವಲ್’ ಎಂಬ ತಮ್ಮ ಪದವನ್ನೇ ಉಳಿಸಿಕೊಂಡರು, ನಾವು ‘ಆರಕ್ಷಕ’ ಎಂದು ಫಲಕ ಬರೆಸಿದೆವು. ಬರೆಯುವಾಗ ಎಚ್ಚರ: ‘ಆ’ಕಾರದ ದೀರ್ಘ ಹಾರಿದರೆ ‘ಅರಕ್ಷಕ’, ರಕ್ಷಿಸದವನು.

‘ದಾರ’ ಎಂದು ಮುಗಿಯುವ ಚೌಕಿದಾರ, ಪಹರೆದಾರ ಪಾರಸಿಯ ಬಾಲದವು. ಬಾಗಿಲು ಕಾಯುವ ಪಡಿಹಾರ ‘ಪ್ರತಿಹಾರ’ದ ತದ್ಭವ, ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಹಳ್ಳಿಯ ಹುದ್ದೆಗಳನ್ನು ಬಿಡಬೇಡಿ. ಊರು ಕಾಯುವವನು ತಳವಾರ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರಗಂಟಿ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಆದರೆ ನೀರಗಂಟಿ ಎಂಬ ಪದ ಸಾಯಲಿಲ್ಲ. ಗ್ರಾಮ ಪಂಚಾಯಿತಿಯ ನಲ್ಲಿ ನೀರು ಬಿಡುವವನನ್ನು ಈಗಲೂ ಹಾಗೆಯೇ ಕರೆಯುತ್ತಾರೆ. ಅಂದ ಹಾಗೆ, ಮೇಲಿನ ‘ಕಾಯ್ದೆ’ಗೂ ನಮ್ಮ ‘ಕಾಯ್’ಗೂ ನಂಟಿಲ್ಲ, ಅದು ಅರಬ್ಬಿ ಮೂಲದ್ದು. ನಾನು ಅದನ್ನೂ ಇದೇ ಪಟ್ಟಿಗೆ ಸೇರಿಸಿದ್ದೆ.

ಅಭ್ಯಾಸಕ್ಕೆ ಒಂದು ವಾಕ್ಯ ಕಟ್ಟಿದ್ದೇನೆ, ನಾಲ್ಕೂ ಅರ್ಥಗಳು ಇದರಲ್ಲಿವೆ. ಯಾವುದು ಯಾವುದೆಂದು ಬಿಡಿಸಿ ನೋಡಿ: ಕಾದ ಬಂಡೆಯ ಮೇಲೆ ಕುಳಿತು ತಮ್ಮನಿಗೆ ಕಾದು, ಅವನು ಬರುವವರೆಗೆ ತುರುವನ್ನು ಕಾದು, ಕತ್ತಲಾಗುವ ಹೊತ್ತಿಗೆ ಕಳ್ಳರೊಡನೆ ಕಾದಿ ಸತ್ತನು.