ಮಿಫ್‌ಗಾಶ್: ರೈಲ್ವೆ ಗೇಟಿಗೂ ಜೋಡಿ ಶಾಲೆಗೂ ಒಂದೇ ಪದ

ಇಸ್ರೇಲಿನಲ್ಲಿ ರಸ್ತೆಯೂ ರೈಲು ಹಳಿಯೂ ಅಡ್ಡ ಹಾಯುವ ಜಾಗ ಇದೆಯಲ್ಲ, ನಾವು ರೈಲ್ವೆ ಗೇಟ್ ಅನ್ನುವುದು, ಅದಕ್ಕೆ ಹೀಬ್ರೂ ಭಾಷೆಯಲ್ಲಿ ಮಿಫ್‌ಗಾಶ್ ಅನ್ನುತ್ತಾರೆ. ಸುಟ್ಟ ಮಾಂಸ ಮಾರುವ ಸಣ್ಣ ಹೋಟೆಲುಗಳ ಬೋರ್ಡಿನಲ್ಲೂ ಈ ಪದ ಕಾಣುತ್ತದೆ. ಎರಡು ಕಡೆಯಿಂದ ಬಂದವು ಒಂದು ಕಡೆ ಸೇರುವುದು, ಅಷ್ಟೇ ಅರ್ಥ. ಪ, ಗ, ಶ ಅನ್ನುವ ಮೂರು ವ್ಯಂಜನಗಳ ಧಾತು ಇದು. ‘ಪ’ ಇಲ್ಲಿ ‘ಫ’ ಆಗಿದೆ, ಹೀಬ್ರೂವಿನಲ್ಲಿ ಎರಡಕ್ಕೂ ಒಂದೇ ಅಕ್ಷರ. ಇದೇ ಧಾತುವಿನಿಂದ ಬಂದ ಪ್ಗಿಶಾ ಅಂದರೆ ಆಫೀಸಿನಲ್ಲಿ ನಡೆಯುವ ಮಾಮೂಲಿ ಮೀಟಿಂಗು.

ಆದರೆ ಅಮೆರಿಕದ ಯಹೂದಿ ಶಾಲೆಯ ಟೀಚರ್ ಒಬ್ಬರು ‘ಮಾರ್ಚ್‌ನಲ್ಲಿ ನಮ್ಮದು ಮಿಫ್‌ಗಾಶ್ ಇದೆ’ ಅಂದರೆ ಮಾತು ಬೇರೆ. ತಮ್ಮ ಕ್ಲಾಸಿನ ಮಕ್ಕಳು ಇಸ್ರೇಲಿನ ಜೋಡಿ ಶಾಲೆಯ ಮಕ್ಕಳನ್ನು ಭೇಟಿಯಾಗುತ್ತಾರೆ ಅಂತ ಅರ್ಥ. ಸುಮ್ನೆ ಭೇಟಿ ಅಲ್ಲ, ಮೊದಲೇ ಯೋಚಿಸಿ, ಪಾಠಕ್ಕೆ ಹೊಂದಿಸಿ, ಇಂಥದ್ದರ ಬಗ್ಗೆ ಮಾತಾಡಬೇಕು ಅಂತ ಗೊತ್ತು ಮಾಡಿಕೊಂಡು ಆಗುವ ಭೇಟಿ. ಪ್ರವಾಸ ಅಂದುಕೊಂಡರೆ ತಪ್ಪು, ಪತ್ರಮೈತ್ರಿ ಅಂದುಕೊಂಡರೂ ತಪ್ಪು.

ಇದರ ಹಿಂದೆ ಒಂದು ವ್ಯವಸ್ಥೆ ಇದೆ. ಜ್ಯೂಯಿಶ್ ಏಜೆನ್ಸಿ ಅನ್ನುವುದು 1929ರಲ್ಲಿ, ಅಂದರೆ ಇಸ್ರೇಲ್ ದೇಶ ಹುಟ್ಟುವ ಮೊದಲೇ ಹುಟ್ಟಿದ ಸಂಸ್ಥೆ. 1990ರ ದಶಕದಲ್ಲಿ ಅದು ಹೊರದೇಶದ ಯಹೂದಿ ಸಮುದಾಯಗಳನ್ನೂ ಇಸ್ರೇಲಿನ ಊರುಗಳನ್ನೂ ಜೋಡಿ ಮಾಡತೊಡಗಿತು. ಆಗ ಅದರ ಹೆಸರು ಪಾರ್ಟ್‌ನರ್‌ಶಿಪ್ 2000, ಈಗ ಪಾರ್ಟ್‌ನರ್‌ಶಿಪ್ ಟುಗೆದರ್. ಲಾಸ್ ಏಂಜಲೀಸ್‌ಗೆ ಟೆಲ್ ಅವೀವ್, ಬಾಸ್ಟನ್‌ಗೆ ಹೈಫಾ. ಊರು ಜೋಡಿಯಾದ ಮೇಲೆ ಶಾಲೆಗಳೂ ಜೋಡಿಯಾದವು.

ಮೊದಲು ಬೆಸೆಯಬೇಕಾದವರು ಟೀಚರುಗಳು. ಇಬ್ಬರೂ ಕೂತು ಒಂದು ಪಾಠ ಆರಿಸಿಕೊಳ್ಳಬೇಕು, ಎರಡೂ ಕ್ಲಾಸಿಗೆ ಹೊಂದುವಂಥದ್ದು. ಹನ್ನೆರಡು ಹದಿಮೂರರ ಮಕ್ಕಳಾದರೆ ಬಾರ್ ಮಿಟ್ಸ್ವಾ, ಬಾಟ್ ಮಿಟ್ಸ್ವಾ, ಅಂದರೆ ಮಕ್ಕಳು ಧರ್ಮದ ಲೆಕ್ಕದಲ್ಲಿ ದೊಡ್ಡವರಾದರು ಅನ್ನುವ ಆಚರಣೆಯ ವಿಷಯ ತಾನಾಗಿಯೇ ಸಿಗುತ್ತದೆ, ಯಾಕೆಂದರೆ ಹುಡುಗರಿಗೆ ಹದಿಮೂರಕ್ಕೆ, ಹುಡುಗಿಯರಿಗೆ ಹೆಚ್ಚಿನ ಕಡೆ ಹನ್ನೆರಡಕ್ಕೆ ಆ ಆಚರಣೆ, ಎರಡೂ ದೇಶದ ಮನೆಗಳಲ್ಲಿ ಅದೇ ಗಡಿಬಿಡಿ. ಆಮೇಲೆ ವೀಡಿಯೊ ಕಾಲ್. ಇಲ್ಲೇ ನಿಜವಾದ ತಲೆನೋವು. ಲಾಸ್ ಏಂಜಲೀಸ್‌ನಲ್ಲಿ ಬೆಳಿಗ್ಗೆ ಎಂಟಾದರೆ ಟೆಲ್ ಅವೀವ್‌ನಲ್ಲಿ ಸಂಜೆ ಆರು. ಇಸ್ರೇಲಿನಲ್ಲಿ ಭಾನುವಾರ ಶಾಲೆ ಇದೆ, ಅಮೆರಿಕದಲ್ಲಿ ರಜೆ. ಶುಕ್ರವಾರ ಲಾಸ್ ಏಂಜಲೀಸ್‌ನಲ್ಲಿ ಕ್ಲಾಸು ಶುರುವಾಗುವ ಹೊತ್ತಿಗೆ ಚಳಿಗಾಲದಲ್ಲಾದರೆ ಟೆಲ್ ಅವೀವ್‌ನಲ್ಲಿ ಸೂರ್ಯ ಮುಳುಗಿ ಶಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಬಂದಿರುತ್ತದೆ. ಹಾಗಾಗಿ ಎಷ್ಟೋ ಸಲ ನೇರ ಮಾತಿಗಿಂತ ರೆಕಾರ್ಡ್ ಮಾಡಿ ಕಳಿಸಿದ ವೀಡಿಯೊಗಳೇ ಓಡಾಡುತ್ತವೆ. ಸಾಧ್ಯವಾದ ವರ್ಷ ಮಕ್ಕಳೇ ವಿಮಾನ ಹತ್ತುತ್ತಾರೆ, ಹೋಟೆಲಿನಲ್ಲಿ ಅಲ್ಲ, ಜೋಡಿ ಮಗುವಿನ ಮನೆಯಲ್ಲೇ ಉಳಿಯುತ್ತಾರೆ.

ಎಲ್ಲರೂ ಯಹೂದಿಗಳೇ ತಾನೇ, ಇದಕ್ಕೆಲ್ಲ ಇಷ್ಟು ತಯಾರಿ ಯಾಕೆ ಅಂತ ಕೇಳಬಹುದು. ಒಂದು ಬುಗುರಿ ನೋಡಿದರೆ ಸಾಕು. ಹನುಕ್ಕಾ ಹಬ್ಬಕ್ಕೆ ಮಕ್ಕಳು ಆಡುವ ನಾಲ್ಕು ಮುಖದ ಬುಗುರಿ ಅದು, ಡ್ರೇಡಲ್ ಅಂತ, ಹೀಬ್ರೂವಿನಲ್ಲಿ ಸೆವಿವೋನ್. ಒಂದೊಂದು ಮುಖದ ಮೇಲೆ ಒಂದೊಂದು ಅಕ್ಷರ. ಅಮೆರಿಕದ ಬುಗುರಿಯಲ್ಲಿ ನೂನ್, ಗಿಮೆಲ್, ಹೇ, ಶಿನ್: ‘ನೆಸ್ ಗದೋಲ್ ಹಾಯಾ ಶಾಮ್’, ಅಂದರೆ ದೊಡ್ಡ ಪವಾಡವೊಂದು ಅಲ್ಲಿ ನಡೆಯಿತು. ಇಸ್ರೇಲಿನ ಬುಗುರಿಯಲ್ಲಿ ಮೊದಲ ಮೂರು ಅಕ್ಷರ ಅವೇ, ನಾಲ್ಕನೆಯದು ಮಾತ್ರ ಪೇ. ‘ಶಾಮ್’ ಬದಲು ‘ಪೋ’, ಅಂದರೆ ಇಲ್ಲಿ. ಪೆಸಾಖ್ ಹಬ್ಬವೂ ಹಾಗೇ. ಇಸ್ರೇಲಿನಲ್ಲಿ ಏಳು ದಿನ, ಹೊರಗಿನ ಸಂಪ್ರದಾಯಸ್ಥರಿಗೆ ಎಂಟು ದಿನ.

ಅಮೆರಿಕದ ಯಹೂದಿ ಶಾಲೆಯ ಮಗುವಿಗೆ ಪ್ರಾರ್ಥನೆ ಪುಸ್ತಕದ ಹೀಬ್ರೂ ಬಾಯಿಪಾಠ ಇರುತ್ತದೆ, ಆದರೆ ಫುಟ್‌ಬಾಲ್ ಆಡುತ್ತಾ ಜಗಳವಾಡುವ ಹೀಬ್ರೂ ಬರುವುದಿಲ್ಲ. ಟೆಲ್ ಅವೀವ್‌ನ ಮಗುವಿಗೆ ಜಗಳದ ಹೀಬ್ರೂ ನೀರು ಕುಡಿದಷ್ಟು ಸಲೀಸು, ಪ್ರಾರ್ಥನೆ ಕೇಳಿದರೆ ಎಷ್ಟೋ ಸಲ ತಡವರಿಸುತ್ತದೆ. ‘ನೀನು ಯಾವ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಹೋಗ್ತೀಯ’ ಅಂತ ಅಮೆರಿಕದ ಮಗು ಕೇಳಿದರೆ ‘ಯಾವುದಕ್ಕೂ ಇಲ್ಲ’ ಅಂತ ಇಸ್ರೇಲಿನ ಮಗು ಹೇಳಬಹುದು. ಅಮೆರಿಕದಲ್ಲಿ ಯಹೂದಿಯಾಗಿರಲು ಶಾಲೆ, ಸಿನಗಾಗ್, ಫೀಸು, ಎಲ್ಲವನ್ನೂ ಬೇಕೆಂದೇ ಆರಿಸಿಕೊಳ್ಳಬೇಕು. ಇಸ್ರೇಲಿನಲ್ಲಿ ಕ್ಯಾಲೆಂಡರೇ ಅದನ್ನು ಮಾಡಿಬಿಡುತ್ತದೆ. ಹುತಾತ್ಮರ ದಿನ ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ಸೈರನ್ ಕೂಗುತ್ತದೆ, ಹೆದ್ದಾರಿಯಲ್ಲಿ ಹೋಗುವವರೂ ಗಾಡಿ ನಿಲ್ಲಿಸಿ ಇಳಿದು ನಿಲ್ಲುತ್ತಾರೆ. ಅದನ್ನು ಪುಸ್ತಕದಲ್ಲಿ ಓದಿದ ಮಗುವೂ ಅದರ ನಡುವೆ ನಿಂತ ಮಗುವೂ ಒಂದೇ ಪಾಠ ಓದಿದವರಲ್ಲ.

ಅದಕ್ಕೇ ನನಗೆ ಈ ಪದಕ್ಕೆ ‘ಸಮ್ಮಿಲನ’ ಅಂತ ಕನ್ನಡ ಮಾಡಿದರೆ ಒಪ್ಪಿಗೆಯಾಗುವುದಿಲ್ಲ. ಅದರಲ್ಲಿ ಹಾರ, ತುರಾಯಿ, ಭಾಷಣದ ವಾಸನೆ ಜಾಸ್ತಿ. ‘ಮುಖಾಮುಖಿ’ ಹತ್ತಿರ ಬರುತ್ತದೆ. ರೈಲ್ವೆ ಗೇಟಿನಲ್ಲಿ ಹಳಿಯೂ ರಸ್ತೆಯೂ ಸೇರಿದರೂ ಎರಡೂ ಒಂದೇ ಆಗಿಬಿಡುವುದಿಲ್ಲ, ಅಲ್ವಾ?

ಒಂದು ಮಾತು ಇಲ್ಲಿ ಹೇಳಲೇಬೇಕು. ಇಸ್ರೇಲಿನ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಅರಬರು. ಅವರ ಮಕ್ಕಳಲ್ಲಿ ಹೆಚ್ಚಿನವರು ಅರಬಿ ಮಾಧ್ಯಮದ ಬೇರೆ ಶಾಲೆಗಳಲ್ಲಿ ಓದುತ್ತಾರೆ. ಜೋಡಿ ಶಾಲೆಯ ಯೋಜನೆ ಹುಟ್ಟಿದ್ದೇ ಯಹೂದಿ ಮಕ್ಕಳನ್ನು ಯಹೂದಿ ಮಕ್ಕಳಿಗೆ ಬೆಸೆಯಲು. ‘ನಾನು ಇಸ್ರೇಲ್ ನೋಡಿ ಬಂದೆ’ ಅಂತ ಮಗು ಹೇಳುವಾಗ ಅದು ನೋಡಿದ್ದು ಇಸ್ರೇಲಿನ ಒಂದು ಭಾಗ.

ಪದವನ್ನು ಬಳಸುವವರಿಗೆ ಕೊನೆಗೊಂದು ವಿಷಯ: ಒಂದಕ್ಕಿಂತ ಹೆಚ್ಚಾದರೆ ಮಿಫ್‌ಗಶಿಮ್. ಹೊರದೇಶದ ಯಹೂದಿ ಯುವಜನರಿಗೆ ಕೊಡುವ ಹತ್ತು ದಿನದ ಉಚಿತ ಇಸ್ರೇಲ್ ಪ್ರವಾಸಕ್ಕೆ ಹೆಸರಾದ ಬರ್ತ್‌ರೈಟ್ ಯೋಜನೆಯಲ್ಲೂ ಇದೇ ಪದ ಬರುತ್ತದೆ. 1999ರಲ್ಲಿ ಶುರುವಾದ ಆ ಯೋಜನೆಯಲ್ಲಿ ಅದೇ ವಯಸ್ಸಿನ ಇಸ್ರೇಲಿ ಯುವಕರು, ಹಲವರು ಸೈನಿಕರು, ಕೆಲವು ದಿನ ಅದೇ ಬಸ್ಸಿನಲ್ಲಿ ಜೊತೆಯಾಗುತ್ತಾರೆ. ಬಸ್ಸಿನಲ್ಲಿ ಆದರೂ ಮಿಫ್‌ಗಾಶ್, ಕ್ಲಾಸಿನಲ್ಲಿ ಆದರೂ ಮಿಫ್‌ಗಾಶ್.