ಎರಡು ಜಾತ್ರೆ ಸೀಜನ್ ಕಳೆದು ಎದ್ದ ಪರದೆ

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಲಾಕ್‌ಡೌನ್‌ನ ಮೊದಲ ದಿನವೂ ಅದೇ. ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ನಾಟಕದವರಿಗೆ ಅವತ್ತು ವರ್ಷದ ದುಡಿಮೆಯೇ ನಿಂತುಹೋಯಿತು.

ಈ ಕಡೆ ನಾಟಕಕ್ಕೆ ಒಂದು ಸೀಜನ್ ಇದೆ. ಸಂಕ್ರಾಂತಿ ಕಳೆದು, ಸುಗ್ಗಿ ಮುಗಿದು, ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಊರೂರಲ್ಲಿ ಜಾತ್ರೆ ಶುರುವಾಗುತ್ತದೆ. ಮುಂಗಾರು ಬೀಳುವವರೆಗೂ ಒಂದಲ್ಲ ಒಂದು ಊರಲ್ಲಿ ತೇರು, ತೇರಿನ ರಾತ್ರಿ ನಾಟಕ. ಆ ನಾಲ್ಕೈದು ತಿಂಗಳ ಗಳಿಕೆಯಲ್ಲೇ ಉಳಿದ ತಿಂಗಳು ಸಾಗಬೇಕು. ಕಲಾವಿದರು ಕೆಲಸಕ್ಕೆ ಮರಳಿದ್ದು ಯಾವಾಗ ಎಂದು ಕೇಳಿದರೆ ಎಲ್ಲರೂ ಸರ್ಕಾರದ ಆದೇಶದ ತಾರೀಖು ಹೇಳುತ್ತಾರೆ. ಆದೇಶಕ್ಕಿಂತ ಮೊದಲು ಜಾತ್ರೆಯ ಪಂಚಾಂಗ ನೋಡಬೇಕು ಅನ್ನೋದು ನನ್ನ ಮಾತು.

ಗದಗಕ್ಕೂ ನಾಟಕಕ್ಕೂ ಹಳೆಯ ನಂಟು. 1870ರ ದಶಕದಲ್ಲಿ ಈ ಭಾಗದಲ್ಲಿ ಮರಾಠಿ ನಾಟಕಗಳದ್ದೇ ಅಬ್ಬರ. ಕನ್ನಡದಲ್ಲೂ ನಾಟಕ ಆಗಬೇಕೆಂದು ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಇಲ್ಲಿ ಮಂಡಳಿ ಕಟ್ಟಿದರು. ಊರ ದೇವರು ವೀರನಾರಾಯಣನ ಹೆಸರನ್ನೇ ಅದಕ್ಕೆ ಇಟ್ಟರು. ಮುಂದೆ ಗರುಡ ಸದಾಶಿವರಾಯರ ಕಂಪನಿ ಬಂತು. ಪಂಚಾಕ್ಷರಿ ಗವಾಯಿಗಳ ಹೆಸರಲ್ಲೂ ಕಂಪನಿ ನಡೆಯಿತು, ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟ-ಪಾಠಕ್ಕೆ ಅದು ಆಸರೆಯಾಯಿತು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗಿನ ಮೇಲೆ ಪ್ಲೇಗು ಎರಗಿದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಂಥ ಕಾಲದಲ್ಲೂ ತಿರುಗಾಡುವವರಿಗೆ ಒಂದು ಊರು ಮುಚ್ಚಿದರೆ ಇನ್ನೊಂದು ಊರಿನ ದಾರಿ ಇರುತ್ತಿತ್ತು. 2020ರಲ್ಲಿ ಎಲ್ಲ ಊರೂ ಒಂದೇ ಸಲ ಮುಚ್ಚಿದವು.

ಈಗ ಕ್ಯಾಂಪ್ ಹಾಕುವ ಕಂಪನಿಗಳು ಕಡಿಮೆ. ಆದರೆ ಹಳ್ಳಿ ನಾಟಕ ಮಾತ್ರ ಜೋರು. ಊರಿನ ಹುಡುಗರೇ ಪಾರ್ಟು ಹಾಕುತ್ತಾರೆ. ನಾಟಕದ ಮಾಸ್ತರು ಬಂದು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಹೆಣ್ಣು ಪಾತ್ರಕ್ಕೆ ಪೇಟೆಯಿಂದ ನಟಿಯರು ಬರುತ್ತಾರೆ. ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ಪರದೆ, ಮೈಕು, ಬಣ್ಣ ಹಚ್ಚುವವರು ಎಲ್ಲ ಬಾಡಿಗೆಗೆ. ಒಂದು ರಾತ್ರಿಯ ನಾಟಕ ನಿಂತರೆ ಎಷ್ಟು ಮನೆಯ ಒಲೆ ಆರುತ್ತದೆ ಲೆಕ್ಕ ಹಾಕಿ.

ಇನ್ನು ತಾರೀಖುಗಳಿಗೆ ಬರೋಣ. ಬಯಲು ರಂಗಮಂದಿರ ತೆರೆಯಲು ಮತ್ತು 100 ಜನ ಸೇರಲು ಕೇಂದ್ರ ಅನುಮತಿ ಕೊಟ್ಟದ್ದು 2020ರ ಸೆಪ್ಟೆಂಬರ್ 21ರಿಂದ. ಆಗ ಇಲ್ಲಿ ಮಳೆ, ಹೊಲದ ಕೆಲಸ. ಯಾವ ಊರಲ್ಲೂ ತೇರಿಲ್ಲ. ಅಕ್ಟೋಬರ್ 15ರಿಂದ ಸಿನಿಮಾ ಮಂದಿರಕ್ಕೆ ಅರ್ಧ ಸೀಟು. ಆ ನಿಯಮ ನಂಬರು ಹಾಕಿದ ಕುರ್ಚಿಗೆ ಸರಿ. ಜನ ಕಂಬಳಿ ಹಾಸಿಕೊಂಡು ಕೂರುವ ಬಯಲಲ್ಲಿ ಅರ್ಧ ಅಂದರೆ ಎಷ್ಟು? 2021ರ ಶಿವರಾತ್ರಿ ಹೊತ್ತಿಗೆ ಅಲ್ಲಲ್ಲಿ ತಾಲೀಮಿನ ಪೇಟಿ ದನಿ ಕೇಳತೊಡಗಿತ್ತು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು, 27ರ ರಾತ್ರಿಯಿಂದ ರಾಜ್ಯಕ್ಕೆ ಮತ್ತೆ ಬೀಗ. ಬಾಗಿಲು ತೆರೆದದ್ದು ಮಳೆಗಾಲದಲ್ಲಿ, ಮುಚ್ಚಿದ್ದು ಜಾತ್ರೆಯಲ್ಲಿ, ಎರಡು ವರ್ಷವೂ. ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ಬೇಡ ಅನ್ನುವ ಹಣವಲ್ಲ, ಆದರೆ ಒಂದು ಸೀಜನ್ನಿಗೆ ಅದು ಯಾವ ಮೂಲೆಗೆ ಸಾಕು?

ಧಾರವಾಡದ ಸಂಗೀತದವರು ಫೋನಿನಲ್ಲಿ ಪಾಠ ಹೇಳಿ ಒಂದಿಷ್ಟು ದಾರಿ ಕಂಡುಕೊಂಡರು. ವಿಡಿಯೋ ಕಾಲ್‌ನಲ್ಲಿ ದನಿ ತಡವಾಗಿ ತಲುಪುತ್ತದೆ. ಗುರು-ಶಿಷ್ಯರು ಜೊತೆಗೆ ಹಾಡಿದರೆ ತಾಳ ತಪ್ಪುತ್ತದೆ. ಒಬ್ಬರು ನಿಲ್ಲಿಸಿದ ಮೇಲೆ ಇನ್ನೊಬ್ಬರು, ಹಾಗೇ ಕಲಿಸಿದರು. ನಾಟಕಕ್ಕೆ ಅಷ್ಟೂ ಅನುಕೂಲವಿಲ್ಲ.

ಗದಗಿನಲ್ಲಿ ಪರದೆ ಬಾಡಿಗೆಗೆ ಕೊಡುವವರೊಬ್ಬರ ಮನೆಗೆ 2022ರ ಫೆಬ್ರವರಿಯಲ್ಲಿ ಹೋಗಿದ್ದೆ. ಜನವರಿಯ ವಾರಾಂತ್ಯ ಕರ್ಫ್ಯೂ ಮುಗಿದು ಮೊದಲ ಬುಕಿಂಗ್ ಬಂದಿತ್ತು. ಅರಮನೆಯ ಪರದೆಯನ್ನು ಅಂಗಳದಲ್ಲಿ ಬಿಚ್ಚಿದರು. ಸುತ್ತಿದಲ್ಲೇ ಎರಡು ಮಳೆಗಾಲ ಕಳೆದಿತ್ತು. ಮಡಿಕೆ ಬಿದ್ದ ಕಡೆಯೆಲ್ಲ ಬಣ್ಣ ಪುಡಿಪುಡಿಯಾಗಿ ಉದುರಿತು. ಸಿಂಹಾಸನದ ಬಲಗಾಲನ್ನು ಇಲಿ ತಿಂದಿತ್ತು. ಅವರ ಹೆಂಡತಿ ಹಳೆಯ ಧೋತರದ ತುಂಡು ತಂದು ಹಿಂದಿನಿಂದ ಹೊಲಿದರು. ಇವರು ಅದರ ಮೇಲೆ ಹಳದಿ ಬಳಿದು ಬಿಸಿಲಿಗೆ ಹಾಕಿದರು. ಪೇಟಿಯ ತಿದಿಯೂ ಸೀಳಿತ್ತು, ಎರಡು ಸ್ವರ ನುಡಿಯುತ್ತಲೇ ಇರಲಿಲ್ಲ. ಅನುಮತಿ ಪತ್ರದಲ್ಲಿ ಈ ರಿಪೇರಿಯ ಖರ್ಚು ಎಲ್ಲಿ ಬರುತ್ತದೆ?

ಅದಕ್ಕಿಂತ ಭಾರದ್ದು ಅಡ್ವಾನ್ಸ್. ನಾಟಕ ಗೊತ್ತಾದ ಕೂಡಲೇ ಊರವರು ನಟಿಯ ಕೈಗೆ ಮುಂಗಡ ಕೊಡುತ್ತಾರೆ. 2020ರಲ್ಲಿ ಹಾಗೆ ಪಡೆದ ಹಣ ನಾಟಕ ನಿಲ್ಲುವ ಮೊದಲೇ ಮನೆ ಬಾಡಿಗೆಗೆ, ಅಕ್ಕಿಗೆ ಹೋಗಿತ್ತು. ಕೆಲವು ಊರವರು ವಾಪಸ್ ಕೇಳಿದರು. ಅವರದೂ ತಪ್ಪಲ್ಲ, ಅದು ಊರವರೆಲ್ಲ ಸೇರಿ ಎತ್ತಿದ ಪಟ್ಟಿ ಹಣ.

ಅವತ್ತು ಪರದೆ ಬಿಚ್ಚುವಾಗ ಒಬ್ಬ ಹಿರಿಯ ನಟಿಯೂ ಅಲ್ಲಿದ್ದರು. ಎರಡು ವರ್ಷ ಹೊಲಿಗೆ ಕೆಲಸ ಮಾಡಿ ದಿನ ದೂಡಿದ್ದರು. ಅವರ ಬಳಿ ಒಂದು ಸಣ್ಣ ಡೈರಿ ಇತ್ತು. ಮೂರು ಊರಿನ ಹೆಸರು, ಎದುರಿಗೆ ಮೊತ್ತ. “ಈ ವರ್ಷ ಮೊದಲು ಈ ಮೂರೂ ಊರಿಗೆ ಹೋಗಿ ಬರತೀನ್ರಿ, ರೊಕ್ಕ ಇಸಗೊಳ್ಳೂದಿಲ್ಲ” ಅಂದರು. ಮೊದಲ ಊರಿನ ನಾಟಕ ಮುಂದಿನ ಸೋಮವಾರವಿತ್ತು. ಬಸ್ ಚಾರ್ಜು ಮಾತ್ರ ಕೊಡಲು ಊರವರು ಒಪ್ಪಿದ್ದರಂತೆ.